ನೃತ್ಯಕೂಟದ ಉಡುಗೆಯ ತರುಣಿ

ಕಳೆದ ವಾರ ಪಾಠ ಮುಗಿದು ಸ್ವಲ್ಪ ಹೊತ್ತು ಉಳಿದಿದ್ದಾಗ, ನಮ್ಮಲ್ಲಿದ್ದ ಚಿತ್ರಸಂಪುಟದಿಂದ ಒಂದು ಚಿತ್ರವನ್ನು ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದೆವು. ನೃತ್ಯಕೂಟಕ್ಕೆಂದು ಬಿಳಿಯ ಉಡುಗೆ ತೊಟ್ಟು ಸಿಂಗರಿಸಿಕೊಂಡ ತರುಣಿಯೊಬ್ಬಳ ಚಿತ್ರವದು. ಫ್ರಾನ್ಸಿನ ಬರ್ತ್ ಮೊರಿಸೊ ಎಂಬಾಕೆ 1879ರಲ್ಲಿ ರಚಿಸಿದ್ದು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಅದನ್ನೇ ದಿಟ್ಟಿಸಿ ನೋಡಿ, “ಮಾಷ್ಟ್ರೇ, ಇದು ಪೂರ್ತಿಯಾಗಿಲ್ಲವಲ್ಲ?” ಎಂದಳು.

ನಾವು ನಕ್ಕೆವು, ಆದರೆ ಆಕೆ ಕಂಡದ್ದು ಸುಳ್ಳಲ್ಲ. ತರುಣಿಯ ಮುಖವೊಂದನ್ನು ನಯವಾಗಿ ತೀಡಿದ ಕುಂಚ, ಕೊರಳಿನಿಂದ ಕೆಳಗೆ ಇಳಿಯುತ್ತಲೇ ಅವಸರದಲ್ಲಿ ಓಡಿದೆ. ಎದೆಯ ಮೇಲಿನ ಹೂಗಳು ಬರಿಯ ಬಣ್ಣದ ಗುರುತುಗಳು. ಹಿಂದಿನ ಎಲೆಹಸುರೂ ಬಿಳಿಯ ಹೂಗಳೂ ಒಂದರೊಳಗೊಂದು ಕಲೆತುಹೋಗಿವೆ. ಬಿಳಿಯ ಬಟ್ಟೆ ಎಂದೆವಷ್ಟೆ? ಹತ್ತಿರದಿಂದ ನೋಡಿದರೆ ಅದರಲ್ಲಿ ಬೂದಿಯೂ ಇದೆ, ನೀಲಿಯೂ ಇದೆ. ತರುಣಿ ನಮ್ಮತ್ತ ನೋಡುವುದಿಲ್ಲ, ಓರೆಯಾಗಿ ಬೇರೆಲ್ಲಿಗೋ ನೋಡುತ್ತಾಳೆ. ಕ್ಷಣದಲ್ಲಿ ಮಾಯವಾಗುವ ಬೆಳಕನ್ನು ಹಿಡಿಯಹೊರಟ ಇಂಪ್ರೆಷನಿಸ್ಟ್ ಕಲಾವಿದರ ರೀತಿಯೇ ಇದು. ಪ್ಯಾರಿಸಿನ ವಿಮರ್ಶಕರೂ ಅಂದು ನಮ್ಮ ಹುಡುಗಿಯ ಆಕ್ಷೇಪವನ್ನೇ ಎತ್ತಿದ್ದರು, ಆಕೆಯಷ್ಟು ವಿನಯದಿಂದಲ್ಲ.

ಮೊರಿಸೊ ಹುಟ್ಟಿದ್ದು 1841ರಲ್ಲಿ. ಪ್ಯಾರಿಸಿನ ಸರಕಾರಿ ಕಲಾಶಾಲೆ ಸ್ತ್ರೀಯರಿಗೆ ಬಾಗಿಲು ತೆರೆದದ್ದು 1897ರಲ್ಲಿ. ಆದುದರಿಂದ ಆಕೆ ಖಾಸಗಿಯಾಗಿ ಕಲಿತಳು. 1874ರಿಂದ 1886ರವರೆಗೆ ಆ ಗುಂಪು ನಡೆಸಿದ ಎಂಟು ಪ್ರದರ್ಶನಗಳಲ್ಲಿ ಏಳರಲ್ಲಿ ಆಕೆಯ ಚಿತ್ರಗಳಿದ್ದವು. ತಪ್ಪಿದ್ದು 1879ರದೊಂದು, ಅದರ ಹಿಂದಿನ ನವೆಂಬರಿನಲ್ಲಿ ಮಗಳು ಹುಟ್ಟಿದ್ದಳು. ಎಳೆಗೂಸಿನ ಆ ವರ್ಷವೇ ಈ ಚಿತ್ರ ಮೂಡಿತೆಂಬುದನ್ನು ನೆನೆದರೆ ಅವಸರದ ಆ ಗೆರೆಗಳು ನಮಗೆ ಬೇರೆಯಾಗಿಯೇ ಕಾಣುತ್ತವೆ. 1894ರಲ್ಲಿ ಕವಿ ಮಲಾರ್ಮೆಯ ಪ್ರಯತ್ನದಿಂದ ಫ್ರೆಂಚ್ ಸರಕಾರ ಇದನ್ನು ಕೊಂಡಿತು. ಈಗ ಇದು ಪ್ಯಾರಿಸಿನ ಒರ್ಸೆ ಸಂಗ್ರಹಾಲಯದಲ್ಲಿದೆ. ಮರುವರ್ಷ ಮಾರ್ಚಿ 2ರಂದು ಮೊರಿಸೊ ತೀರಿಕೊಂಡಳು. ಮರಣಪತ್ರದಲ್ಲಿ ಬರೆದದ್ದು: ಉದ್ಯೋಗವಿಲ್ಲ. ಪಾಸಿಯ ಸ್ಮಶಾನದ ಕಲ್ಲಿನ ಮೇಲೆ ಆಕೆ ಯೂಜೆನ್ ಮಾನೆಯ ವಿಧವೆ ಮಾತ್ರ.

ಇಷ್ಟನ್ನು ಹೇಳಿದಾಗ ಅದೇ ಹುಡುಗಿ, “ಬರೆದವರಿಗೆ ಗೊತ್ತಿರಲಿಲ್ಲವೇ?” ಎಂದು ಕೇಳಿದಳು. ಗೊತ್ತಿರಲಿಲ್ಲವೆಂದುಬಿಟ್ಟೆವು. ಸಂಜೆ ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದೆವು. ಆ ಹುಡುಗಿಯ ತಾಯಿ ದಿನವಿಡೀ ಬೀಡಿ ಕಟ್ಟುತ್ತಾಳೆ. ಎಲೆಯ ಸೂಪು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಕುಳಿತವಳನ್ನು ನಾವು ದಾರಿಯಲ್ಲಿ ನಿತ್ಯ ಕಾಣುತ್ತೇವೆ. ಅವಳ ಉದ್ಯೋಗದ ಅಂಕಣದಲ್ಲಿ ನಮ್ಮದೇ ಕೈಬರಹದಲ್ಲಿ ‘ಇಲ್ಲ’ ಎಂದಿತ್ತು. ತಿದ್ದುವುದಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕಂತೆ, ಕೇಳಿದ್ದೇವೆ.