ಒಂದೇ ಹೆಸರು, ಬೇರೆ ಬೇರೆ ಹೊಣೆ

ನಮ್ಮ ಸಮಾಜದಲ್ಲಿ ಹೆಸರುಗಳಿಗೆ ಎಂದೂ ಬರವಿಲ್ಲ. ಒಂದೇ ಹೆಸರಿನವರಿಗೂ ಬರವಿಲ್ಲ. ಇಪ್ಪತ್ತನಾಲ್ಕು ಮಂದಿ ತೀರ್ಥಂಕರರು, ಭರತ, ಬಾಹುಬಲಿ, ಧರಣೇಂದ್ರ, ಪದ್ಮಾವತಿ ಎಂಬ ಪುಣ್ಯನಾಮಗಳು ತಲೆಮಾರಿನಿಂದ ತಲೆಮಾರಿಗೆ ಸುತ್ತಿ ಬರುತ್ತಲೇ ಇರುತ್ತವೆ. ಮದುವೆಯ ಊಟದ ಪಂಕ್ತಿಯಲ್ಲಿ ನಿಂತು "ಧರಣೇಂದ್ರಯ್ಯನವರೇ" ಎಂದು ಕರೆದರೆ ಮೂರು ತಲೆಗಳಾದರೂ ತಿರುಗುತ್ತವೆ. ಶಿವಮೊಗ್ಗೆಯ ರವೀಂದ್ರನಗರದಲ್ಲಿ ನಾನು ವಾಸವಾಗಿರುವ ಬೀದಿಯಲ್ಲಿಯೇ ಒಂದೇ ಹೆಸರಿನ ಇಬ್ಬರು ಹಿರಿಯರಿದ್ದರು. ಇಬ್ಬರ ತಂದೆಯ ಹೆಸರಿನ ಮೊದಲಕ್ಷರವೂ ಒಂದೇ. ಅಂಚೆಯವನು ಒಬ್ಬರನ್ನು "ಬ್ಯಾಂಕಿನವರು" ಎಂದೂ ಇನ್ನೊಬ್ಬರನ್ನು "ಅಡಿಕೆ ಮಂಡಿಯವರು" ಎಂದೂ ಗುರುತಿಟ್ಟುಕೊಂಡಿದ್ದ. ಅವನು ರಜೆಯ ಮೇಲೆ ಹೋದಾಗ ಕಾಗದಗಳು ಮನೆ ಬದಲಿಸುತ್ತಿದ್ದವು. ಒಬ್ಬರ ಮಗನ ಕಾಗದವನ್ನು ಇನ್ನೊಬ್ಬರು ಒಡೆಯದೆ ಸಂಜೆಯೊಳಗೆ ತಲುಪಿಸುತ್ತಿದ್ದರು. ಅಷ್ಟರಮಟ್ಟಿಗೆ ಆ ಹೆಸರು ಅವರನ್ನು ನೆಂಟರನ್ನಾಗಿ ಮಾಡಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣದ ಮಾತು ಬಂತು. ನನ್ನ ಪತ್ನಿಗೆ ಅವನನ್ನು ಶಾಂತಿನಾಥನೆಂದು ಕರೆಯಬೇಕೆಂಬ ಆಸೆ. ಮಗಳು ಒಪ್ಪಲಿಲ್ಲ. "ಅಪ್ಪ, ಎಲ್ಲರಿಗೂ ಇರುವ ಹೆಸರು ಬೇಡ. ತರಗತಿಯಲ್ಲಿ ಇವನೊಬ್ಬನಿಗೇ ಇರುವಂಥ ಹೆಸರು ಬೇಕು" ಎಂದಳು. ಇದು ಅವಳೊಬ್ಬಳ ಮಾತಲ್ಲ. ಇಂದಿನ ತಾಯ್ತಂದೆಯರು ಬಹುಮಟ್ಟಿಗೆ ಹೀಗೆಯೇ ಯೋಚಿಸುತ್ತಾರೆ. ಹೆಸರು ಹಂಚಿಕೊಂಡರೆ ಮಗುವಿನ ಪಾಲು ಕಡಿಮೆಯಾಗುತ್ತದೆಂಬ ಭಯ ಅದರ ಹಿಂದಿದೆ. ಈ ಭಯ ನಿಜವೇ ಎಂದು ನೋಡುವ ಸಲುವಾಗಿ, ಒಂದೇ ಹೆಸರನ್ನು ಹೊತ್ತ ಹಿರಿಯರನ್ನು ಒಬ್ಬೊಬ್ಬರನ್ನಾಗಿ ನೆನಪಿಗೆ ತಂದುಕೊಂಡೆ.

ಮೊದಲು ನಮ್ಮ ಜಿಲ್ಲೆಯ ಶಾಂತಿನಾಥ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಹಿಂದೆ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿತ್ತು. ಅಲ್ಲಿ ಆಳುತ್ತಿದ್ದ ಲಕ್ಷ್ಮಣನೃಪನ ಅಧಿಕಾರಿಯಾಗಿದ್ದ ಶಾಂತಿನಾಥನು ಕವಿಯೂ ಹೌದು. 'ಸುಕುಮಾರಚರಿತೆ' ಎಂಬ ಚಂಪೂಕಾವ್ಯ ಅವನದು. ಅರಮನೆಯ ಸುಖದಲ್ಲಿ ಬೆಳೆದ ಸುಕುಮಾರನು ದೀಕ್ಷೆ ಪಡೆದು, ನರಿ ತನ್ನ ದೇಹವನ್ನು ತಿನ್ನುತ್ತಿದ್ದರೂ ಅಲುಗದೆ ನಿಂತ ಕಥೆ ಅದು. 1068ರ ಬಳ್ಳಿಗಾವೆಯ ಶಾಸನದ ಪ್ರಕಾರ, ಅಲ್ಲಿ ಮರದಲ್ಲಿದ್ದ ಶಾಂತಿನಾಥ ತೀರ್ಥಂಕರರ ಬಸದಿಯನ್ನು ಕಲ್ಲಿನಲ್ಲಿ ಕಟ್ಟುವಂತೆ ಒಡೆಯನನ್ನು ಒಪ್ಪಿಸಿದವನು ಈ ಶಾಂತಿನಾಥನೇ. ಗರ್ಭಗುಡಿಯಲ್ಲಿ ನಿಂತ ಜಿನನ ಹೆಸರೂ ಬಾಗಿಲಲ್ಲಿ ಕೈಮುಗಿದು ನಿಂತ ಅಧಿಕಾರಿಯ ಹೆಸರೂ ಒಂದೇ. ಹದಿನಾರನೆಯ ತೀರ್ಥಂಕರರ ಹೆಸರನ್ನು ಹೊತ್ತವನು ಆ ಹೆಸರಿನ ಹಿರಿಮೆಯನ್ನು ತನ್ನದೆಂದುಕೊಳ್ಳದೆ, ಅದಕ್ಕೊಂದು ಕಲ್ಲಿನ ನೆಲೆ ಕಟ್ಟಿಸಿದ.

ಸುಮಾರು ಒಂಬೈನೂರು ವರ್ಷಗಳ ಬಳಿಕ ಅದೇ ಹೆಸರಿನ ಇನ್ನೊಬ್ಬರು ನಮ್ಮ ಜಿಲ್ಲೆಗೆ ಬಂದರು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳು ಶಾಂತಿನಾಥ ದೇಸಾಯಿಯವರು. ಉತ್ತರ ಕನ್ನಡದ ಹಳಿಯಾಳದಲ್ಲಿ 1929ರಲ್ಲಿ ಹುಟ್ಟಿದ ಅವರು ಇಂಗ್ಲಿಷ್ ಪ್ರಾಧ್ಯಾಪಕರು. 1961ರಲ್ಲಿ ಬಂದ ಅವರ 'ಮುಕ್ತಿ' ಕನ್ನಡದ ನವ್ಯ ಕಾದಂಬರಿಗಳ ಮೊದಲ ಸಾಲಿನದು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಕಾಡಂಚಿನಲ್ಲಿ ಹೊಸ ವಿಶ್ವವಿದ್ಯಾನಿಲಯವೊಂದಕ್ಕೆ ಅಡಿಪಾಯ ಹಾಕುವ ಹೊಣೆ ಅವರ ಪಾಲಿಗೆ ಬಂದಿತ್ತು. 1998ರಲ್ಲಿ ಅವರು ತೀರಿಕೊಂಡ ಮೇಲೆ ಪ್ರಕಟವಾದ 'ಓಂ ಣಮೋ' ಕಾದಂಬರಿಗೆ 2000ದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಜೈನ ಕುಟುಂಬಗಳ ಒಳಬದುಕನ್ನು, ಶ್ರದ್ಧೆ ಮತ್ತು ಸಂದೇಹಗಳನ್ನು ಮುಚ್ಚುಮರೆಯಿಲ್ಲದೆ ನೋಡಿದ ಕೃತಿ ಅದು. ಒಬ್ಬ ಶಾಂತಿನಾಥ ಬಸದಿಯನ್ನು ಕಟ್ಟಿಸಿದ. ಇನ್ನೊಬ್ಬರು ಬಸದಿಗೆ ಹೋಗುವವರ ಮನಸ್ಸಿನೊಳಗೆ ದೀಪ ಹಿಡಿದರು. ಇಬ್ಬರೂ ಬರಹಗಾರರು, ಇಬ್ಬರೂ ಆಡಳಿತ ಬಲ್ಲವರು. ಆದರೂ ಒಬ್ಬರ ಕೆಲಸ ಇನ್ನೊಬ್ಬರದಾಗಲಿಲ್ಲ, ಒಬ್ಬರ ಪಾಲನ್ನು ಇನ್ನೊಬ್ಬರು ಕಡಿಮೆ ಮಾಡಲಿಲ್ಲ.

ನೇಮಿಚಂದ್ರ ಎಂಬ ಹೆಸರಿನ ಪಯಣ ಇನ್ನೂ ವಿಚಿತ್ರ. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗೆ ಪೂಜ್ಯರು. 'ಗೊಮ್ಮಟಸಾರ', 'ತ್ರಿಲೋಕಸಾರ'ಗಳನ್ನು ಪ್ರಾಕೃತದಲ್ಲಿ ರಚಿಸಿದ ಮುನಿಗಳು. ಹನ್ನೆರಡನೆಯ ಶತಮಾನದ ನೇಮಿಚಂದ್ರನು ಹೊಯ್ಸಳರ ಕಾಲದ ಕನ್ನಡ ಕವಿ. ಅವನ 'ಲೀಲಾವತಿ' ಶೃಂಗಾರಕಾವ್ಯ. ಅವನ ನೇಮಿನಾಥಪುರಾಣ ಅರ್ಧಕ್ಕೆ ನಿಂತುದರಿಂದ 'ಅರ್ಧನೇಮಿ' ಎಂದೇ ಹೆಸರಾಯಿತು. ನಮ್ಮ ಕಾಲದ ನೇಮಿಚಂದ್ರ ಮಹಿಳೆ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ದುಡಿದು, ಯೆಹೂದಿಗಳ ಮೇಲೆ ನಾತ್ಸಿಗಳು ನಡೆಸಿದ ಹಿಂಸೆಯ ನೆನಪನ್ನು 'ಯಾದ್ ವಶೇಮ್' ಕಾದಂಬರಿಯ ಮೂಲಕ ಕನ್ನಡಿಗರ ಎದೆಗೆ ತಂದವರು. ಮುನಿ, ಆಸ್ಥಾನಕವಿ, ಲೇಖಕಿ: ಈ ಮೂವರಿಗೂ ಒಂದೇ ಹೆಸರು ಸಾಕಾಯಿತು.

ಹೆಸರು ಒಂದಾದಾಗ ತೊಡಕೇ ಇಲ್ಲವೆಂದು ನಾನು ಹೇಳುತ್ತಿಲ್ಲ. 'ದ್ರವ್ಯಸಂಗ್ರಹ'ವು ಬಹುಕಾಲ ಸಿದ್ಧಾಂತಚಕ್ರವರ್ತಿಗಳದೆಂದೇ ಪ್ರಸಿದ್ಧವಾಗಿತ್ತು. ಅದು ಇನ್ನೊಬ್ಬ ನೇಮಿಚಂದ್ರರ ಕೃತಿಯೆಂದು ಈಚಿನ ಹಲವು ವಿದ್ವಾಂಸರ ಅಭಿಪ್ರಾಯ. 'ಛಂದೋಂಬುಧಿ', 'ಕರ್ಣಾಟಕ ಕಾದಂಬರಿ'ಗಳ ನಾಗವರ್ಮನೂ 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ'ಗಳ ನಾಗವರ್ಮನೂ ಒಬ್ಬರೇ ಇಬ್ಬರೇ ಎಂಬ ಚರ್ಚೆ ನಡೆದು, ಇಂದು ಒಂದನೆಯ ನಾಗವರ್ಮ, ಎರಡನೆಯ ನಾಗವರ್ಮ ಎಂದು ಓದುತ್ತೇವೆ. ಗುಣವರ್ಮರೂ ಇಬ್ಬರು: ಮೊದಲನೆಯವನ 'ಶೂದ್ರಕ', 'ಹರಿವಂಶ'ಗಳು ಸಿಕ್ಕಿಲ್ಲ, ಎರಡನೆಯವನ 'ಪುಷ್ಪದಂತಪುರಾಣ' ಉಳಿದಿದೆ. ಸತ್ತು ಸಾವಿರ ವರ್ಷವಾದ ಕವಿಯೊಬ್ಬನಿಗೆ ಅವನ ಪುಸ್ತಕವನ್ನು ಮರಳಿ ಕೊಡಿಸಲು ವಿದ್ವಾಂಸರು ಪಡುವ ಈ ಶ್ರಮವನ್ನು ಕೆಲವರು ಕೆಲಸವಿಲ್ಲದವರ ಕೆಲಸವೆಂದು ನಗುವುದುಂಟು. ನನಗದು ಅಚೌರ್ಯವ್ರತದ ಒಂದು ಅಂಗವಾಗಿ ಕಾಣುತ್ತದೆ. ಒಬ್ಬನದನ್ನು ಇನ್ನೊಬ್ಬನ ಹೆಸರಿನಲ್ಲಿ ಇಡಬಾರದು. ಇಟ್ಟಿದ್ದರೆ ತಿಳಿದ ಕೂಡಲೇ ಹಿಂದಿರುಗಿಸಬೇಕು.

ನಮ್ಮ ಪೂರ್ವಿಕರಿಗೆ ಈ ಎಚ್ಚರ ಚೆನ್ನಾಗಿಯೇ ಇತ್ತು. ಶ್ರವಣಬೆಳಗೊಳದ ಶಾಸನಗಳಲ್ಲಿ ಪ್ರಭಾಚಂದ್ರ, ಶುಭಚಂದ್ರ, ಮೇಘಚಂದ್ರರೆಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆದ್ದರಿಂದ ಬರೆಯುವವರು ಹೆಸರೊಂದನ್ನೇ ಬರೆದು ನಿಲ್ಲಿಸಲಿಲ್ಲ. ಮೂಲಸಂಘ, ದೇಶೀಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ ಎಂದು ಪರಂಪರೆಯನ್ನು ಹೇಳಿ, ಯಾರ ಶಿಷ್ಯರೆಂದೂ ಕಾಣಿಸಿದರು. ಹಾಗಾಗಿಯೇ ಶಾಂತಲಾದೇವಿಯ ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರನ್ನು ಅದೇ ಹೆಸರಿನ ಇತರರಿಂದ ಬೇರ್ಪಡಿಸಿ ನೋಡಲು ನಮಗೆ ಸಾಧ್ಯವಾಗಿದೆ. ಸರ್ವಸಂಗ ಪರಿತ್ಯಾಗಿಗಳ ವಿಷಯದಲ್ಲಿಯೂ ಇಷ್ಟು ವಿವರ ಬೇಕಾಯಿತು ಎಂಬುದನ್ನು ಗಮನಿಸಬೇಕು.

ಶಾಸ್ತ್ರವೂ ಇದನ್ನು ಯೋಚಿಸಿದೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದ ಐದನೆಯ ಸೂತ್ರದಲ್ಲಿ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಿವೆ. ಗುಣವನ್ನು ನೋಡದೆ ವ್ಯವಹಾರಕ್ಕಾಗಿ ಹುಡುಗನೊಬ್ಬನನ್ನು ಇಂದ್ರನೆಂದು ಕರೆದರೆ ಅದು ನಾಮ. ಚದುರಂಗದ ಕಾಯಿಯನ್ನು ಅರಸನೆಂದು ಇಟ್ಟರೆ ಸ್ಥಾಪನಾ. ಮುಂದೆ ಅರಸನಾಗುವ ಕುವರನನ್ನು ಈಗಲೇ ಅರಸನೆಂದರೆ ದ್ರವ್ಯ. ಈಗ, ಈ ಕ್ಷಣದಲ್ಲಿ ನಿಜವಾಗಿ ಆ ಸ್ಥಿತಿಯಲ್ಲಿರುವುದು ಭಾವ. ತೊಟ್ಟಿಲಲ್ಲಿ ನಾವು ಕೊಡುವುದು ಮೊದಲನೆಯದನ್ನು ಮಾತ್ರ. ನಾಲ್ಕನೆಯದನ್ನು ಯಾರೂ ಯಾರಿಗೂ ಕೊಡಲಾರರು, ಅದನ್ನು ಬಾಳಿ ಪಡೆಯಬೇಕು. ಹೀಗಿರುವಾಗ ಅಪರೂಪದ ಹೆಸರಿನಿಂದ ಮಗು ಅಪರೂಪದವನಾಗುವುದೂ ಇಲ್ಲ, ಎಲ್ಲರ ಹೆಸರಿನಿಂದ ಎಲ್ಲರಂತಾಗುವುದೂ ಇಲ್ಲ. ಇದನ್ನು ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನು ಆರಿಸಿದ ಹೆಸರಿನಿಂದಲೂ ನಷ್ಟವಿಲ್ಲವಲ್ಲ, ಅಪ್ಪ" ಎಂದಳು. ತರ್ಕ ಸರಿಯಾಗಿಯೇ ಇತ್ತು. ಮಗುವಿಗೆ ಅವಳ ಆಯ್ಕೆಯ ಹೆಸರನ್ನೇ ಇಟ್ಟೆವು. ಅಜ್ಜಿ ಮಾತ್ರ ಇಂದಿಗೂ ಶಾಂತಿನಾಥನೆಂದೇ ಕರೆಯುತ್ತಾಳೆ. ಅವನು ಎರಡಕ್ಕೂ ಓಗೊಡುತ್ತಾನೆ.

ತೊಟ್ಟಿಲ ಪ್ರಶ್ನೆ ಹೀಗೆ ಹಗುರಾಗಿ ಮುಗಿಯಿತು. ಆದರೆ ಹೆಸರಿನ ಪ್ರಶ್ನೆ ಎಲ್ಲ ಕಡೆಯೂ ಹಗುರಾಗಿ ಮುಗಿಯುವುದಿಲ್ಲ. ಮಲೆನಾಡಿನ ಹಳ್ಳಿಯೊಂದರ ಬಸದಿಯಲ್ಲಿ ಬಹಳ ಹಿಂದೆ ಜೀರ್ಣೋದ್ಧಾರಕ್ಕೆ ದಾನ ಕೊಟ್ಟವರ ಪಟ್ಟಿ ಬಣ್ಣದ ಹಲಗೆಯ ಮೇಲಿತ್ತು. ಬಣ್ಣ ಮಾಸಿದ್ದರಿಂದ ಆಡಳಿತದವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಹಲಗೆಯ ಮೇಲೆ ಒಂದೇ ಹೆಸರು ಎರಡು ಸಲ ಇತ್ತು. ಒಂದರ ಮುಂದೆ 501 ರೂಪಾಯಿ, ಇನ್ನೊಂದರ ಮುಂದೆ 51 ರೂಪಾಯಿ. ಪಟ್ಟಿಯನ್ನು ನಕಲು ಮಾಡಿದವರು ಕೈತಪ್ಪಿನಿಂದ ಎರಡು ಸಲ ಬಂದಿದೆಯೆಂದು ತಿಳಿದು, ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಉಳಿಸಿದರು. ದೊಡ್ಡದು ವ್ಯಾಪಾರಿಯೊಬ್ಬರದು, ಚಿಕ್ಕದು ಅದೇ ಊರಿನ ತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದ ಶ್ರಾವಕರದು.

ಕೂಲಿಯವರ ಮಗಳು ಈಗ ಶಿವಮೊಗ್ಗೆಯಲ್ಲಿದ್ದಾರೆ. ಹಿಂದೆ ನನ್ನ ವಿದ್ಯಾರ್ಥಿನಿ. ಅವರು ರವೀಂದ್ರನಗರದ ನಮ್ಮ ಮನೆಗೆ ಹಳೆಯ ರಸೀದಿಯೊಂದನ್ನು ತಂದು ತೋರಿಸಿದರು. ಆಡಳಿತದವರನ್ನು ಕೇಳಿದಾಗ, "ಹೆಸರು ಇದ್ದೇ ಇದೆಯಲ್ಲ ತಾಯಿ, ಇಬ್ಬರಿಗೂ ಅದೇ ಸಲ್ಲುತ್ತದೆ" ಎಂಬ ಉತ್ತರ ಬಂದಿತ್ತಂತೆ. "ಮೇಷ್ಟ್ರೇ, ಆ ಸಾಲು ನಮ್ಮಪ್ಪನದೂ ಹೌದು ಎಂದಾದರೆ, ಅವರು ಐನೂರೊಂದು ಕೊಟ್ಟಂತಾಯಿತು. ಕೊಡದೆ ಇದ್ದುದನ್ನು ಕೊಟ್ಟೆ ಎಂದು ಬರೆಸಿಕೊಳ್ಳುವವರಲ್ಲ ಅವರು. ಐವತ್ತೊಂದಕ್ಕಾಗಿ ಒಂದು ಮಳೆಗಾಲವೆಲ್ಲ ದುಡಿದಿದ್ದರು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ರಸೀದಿಯ ಪ್ರತಿಯೊಡನೆ ಆಡಳಿತದವರಿಗೆ ಒಂದು ಕಾಗದ ಬರೆದುಕೊಟ್ಟೆ.

ದಾನ ಕೊಟ್ಟವನು ಹೆಸರನ್ನು ಬಯಸಬಾರದು, ಗುಪ್ತದಾನವೇ ಶ್ರೇಷ್ಠ, ಹೀಗಿರುವಾಗ ಈ ವಾದವೇಕೆ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಬಯಸದೆ ಇರುವುದು ಕೊಟ್ಟವನ ಗುಣ. ಸರಿಯಾಗಿ ಬರೆದಿಡುವುದು ಪಡೆದವರ ಕರ್ತವ್ಯ. ಮೊದಲನೆಯದನ್ನು ತೋರಿಸಿ ಎರಡನೆಯದರಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲವೆಂದು ಬಸದಿಯವರು ನಿಶ್ಚಯಿಸಿದರೆ ಅದು ಒಳ್ಳೆಯದೇ. ಬರೆಯುತ್ತೇವೆಂದ ಮೇಲೆ 501ನ್ನು ಉಳಿಸಿ 51ನ್ನು ಅಳಿಸಿದರೆ, ಯಾರೂ ಸುಳ್ಳಾಡದೆ ಇದ್ದರೂ ಕಲ್ಲು ಸುಳ್ಳು ಹೇಳುತ್ತದೆ. ಇನ್ನೊಂದು ಮಾತನ್ನೂ ಆಲೋಚಿಸಬೇಕು. ಹೆಸರೊಂದು ಎರಡು ಸಲ ಬಂದಾಗ ಹೆಚ್ಚಾದುದು ಯಾವುದೆಂದು ನಿರ್ಣಯಿಸುವಾಗ ನಮ್ಮ ಕೈ ತಾನಾಗಿ ಬಡವನ ಕಡೆಗೇ ಹೋಯಿತು. ಅದು ಪ್ರಮಾದವೆಂಬುದು ನಿಜ. ಪ್ರಮಾದವೇ ಹಿಂಸೆಯ ಮೂಲವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ.

ಕೆಲವು ತಿಂಗಳ ಮೇಲೆ ಆ ಕಲ್ಲಿನ ಕೊನೆಯಲ್ಲಿ ಒಂದು ಸಾಲು ಸೇರಿತು. ವ್ಯಾಪಾರಿಗಳ ಮೊಮ್ಮಗನೇ ಮುಂದೆ ನಿಂತು, ಕೆತ್ತನೆಯ ಖರ್ಚನ್ನು ತಾನೇ ಕೊಟ್ಟು ಮಾಡಿಸಿದನೆಂದು ತಿಳಿಯಿತು. ಈಗ ಎರಡೂ ಹೆಸರುಗಳ ಮುಂದೆ ತಂದೆಯ ಹೆಸರಿದೆ, ಮನೆಯ ಹೆಸರಿದೆ.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ಹಳೆಯ ಹಲಗೆಗಳನ್ನು ತೆಗೆಯುವ ಮೊದಲು ರಸೀದಿ ಪುಸ್ತಕಗಳೊಡನೆ ಒಪ್ಪಿಸಿ ನೋಡಿರಿ. ಹೆಸರಿನೊಡನೆ ತಂದೆಯ ಅಥವಾ ತಾಯಿಯ ಹೆಸರು, ಊರು, ವರ್ಷ ಇವನ್ನೂ ಬರೆಯಿಸಿರಿ. ಎರಡು ಸಲ ಬಂದ ಹೆಸರನ್ನು ಅಳಿಸುವ ಮುನ್ನ ಊರಿನ ಹಿರಿಯರನ್ನು ಕೇಳಿರಿ. ನಮ್ಮ ಮಕ್ಕಳು ಹಳೆಯ ಹೆಸರುಗಳನ್ನು ಹಂಚಿಕೊಳ್ಳಲಿ, ಹೊಸ ಹೆಸರುಗಳನ್ನು ಇಟ್ಟುಕೊಳ್ಳಲಿ, ಅದು ಅವರವರ ಮನೆಯ ವಿಚಾರ. ಹೆಸರು ಎಷ್ಟು ಜನರದಾದರೂ ಆಗಬಹುದು. ಮಾಡಿದ ಕೆಲಸ ಮಾಡಿದವನದೇ. ಅದನ್ನು ಅವನ ಲೆಕ್ಕದಲ್ಲಿಯೇ ಬರೆದಿಡುವ ಹೊಣೆ ಉಳಿದ ನಮ್ಮೆಲ್ಲರದು.