ಬಿಸಿಲು ಕಾಯಲು ಕವಲೇದುರ್ಗಕ್ಕೆ

ಕೋಟೆ ನೋಡಲು ಹೋಗುವವರಿಗೆ ಒಂದು ನೆಪ ಬೇಕು. ಕೆಲವರಿಗೆ ಇತಿಹಾಸ, ಕೆಲವರಿಗೆ ಚಾರಣ, ಇನ್ನು ಕೆಲವರಿಗೆ ಫೋಟೊ. ಕಳೆದ ವರ್ಷ ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಕವಲೇದುರ್ಗ ಹತ್ತಿದ್ದಕ್ಕೆ ಇವಾವುವೂ ಕಾರಣವಲ್ಲ. ನನ್ನ ಮಗಳಿಗೆ ಬಿಸಿಲು ಬೇಕಾಗಿತ್ತು.

ತೀರ್ಥಹಳ್ಳಿಯಿಂದ ಕವಲೇದುರ್ಗ ಹೆಚ್ಚೆಂದರೆ 18 ಕಿ.ಮೀ. ಊರಿನ ಅಂಚಿನಲ್ಲಿ ವಾಹನ ನಿಲ್ಲಿಸಿ ಗದ್ದೆಯ ಬದುವಿನ ದಾರಿ ಹಿಡಿಯಬೇಕು. ಕೊಯ್ಲು ಮುಗಿದ ಗದ್ದೆಯಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಕಾಡು ಶುರುವಾಗುತ್ತಿದ್ದಂತೆ ಕಲ್ಲು ಹಾಸಿದ ಹಳೆಯ ದಾರಿ. ಮಗಳು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಹೈಸ್ಕೂಲಿನಲ್ಲಿದ್ದಾಗ ಇದೇ ದಾರಿಯನ್ನು ಓಡಿ ಹತ್ತಿದ ಹುಡುಗಿ ಅವಳು. "ಸುಸ್ತಾ?" ಎಂದೆ. "ಕಾಲಿಗಲ್ಲ" ಎಂದಳು.

ಅವಳು ಸ್ಕಾಟ್ಲೆಂಡಿನ ಒಂದು ನಗರಕ್ಕೆ ಎಂ.ಎಸ್ಸಿ. ಓದಲು ಹೋದದ್ದು ಸೆಪ್ಟೆಂಬರಿನಲ್ಲಿ. ಅಕ್ಟೋಬರ್ ಕಳೆಯುವವರೆಗೆ ದಿನಕ್ಕೆರಡು ಸಲ ಫೋನು. ನವೆಂಬರಿನಲ್ಲಿ ವಾರಕ್ಕೊಂದಾಯಿತು. ನಿದ್ದೆ ಸಾಲುವುದಿಲ್ಲ, ಎಷ್ಟು ಮಲಗಿದರೂ ಏಳಲಾಗುವುದಿಲ್ಲ, ಅನ್ನ, ಬ್ರೆಡ್ಡು, ಸಿಹಿ ತಿನ್ನುತ್ತಲೇ ಇರಬೇಕೆನಿಸುತ್ತದೆ, ತರಗತಿಗೆ ಹೋಗಲು ಮನಸ್ಸಿಲ್ಲ ಎಂದಳು. "ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲೆ ಅಪ್ಪಾ" ಎಂದಾಗ ನಾನು ನಕ್ಕುಬಿಟ್ಟೆ. "ನಾವು ಮಲೆನಾಡಿನವರು. ಆಗುಂಬೆ ಮಳೆ ಕಂಡವರು ಕತ್ತಲೆಗೆ ಹೆದರುವುದುಂಟೇ? ಸೋಮಾರಿತನ ಬಿಡು" ಎಂದು ಬುದ್ಧಿ ಹೇಳಿದೆ. ಫೋನು ಆಮೇಲೆ ಹದಿನೈದು ದಿನ ಬರಲಿಲ್ಲ. ಬಂದದ್ದು ಅವಳ ಜೊತೆಗಿದ್ದ ಹುಡುಗಿಯಿಂದ. ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ, ಅವರು ಹೇಳಿದ್ದನ್ನು ನಮಗೆ ತಿಳಿಸಿದವಳೂ ಆಕೆಯೇ.

ಮೊದಲ ಮಹಾದ್ವಾರ ಬಂತು. ಗಾರೆಯ ಹಂಗಿಲ್ಲದೆ ದೊಡ್ಡ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಎಬ್ಬಿಸಿದ ಗೋಡೆ. ಗುಡ್ಡದ ಏರಿಳಿತವನ್ನೇ ಅನುಸರಿಸುವ ಇಂಥ ಮೂರು ಸುತ್ತಿನ ಕೋಟೆ ಇದು. ಭುವನಗಿರಿ ದುರ್ಗ ಎಂಬುದು ಇದರ ಇನ್ನೊಂದು ಹೆಸರು. ಕೆಳದಿಯ ನಾಯಕರು ಸಾಗರ ಸೀಮೆಯ ಕೆಳದಿಯಲ್ಲಿ ಶುರುಮಾಡಿ, ಇಕ್ಕೇರಿಗೆ ಬಂದು, ಅಲ್ಲಿಂದ ಈಗಿನ ಹೊಸನಗರ ತಾಲ್ಲೂಕಿನ ಬಿದನೂರಿಗೆ ರಾಜಧಾನಿಯನ್ನು ಸಾಗಿಸಿದರು. ಕಷ್ಟಕಾಲಕ್ಕೆಂದು ನಂಬಿದ್ದು ಕಾಡಿನೊಳಗಿನ ಈ ದುರ್ಗವನ್ನು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ರಾಣಿ ವೀರಮ್ಮಾಜಿಯೊಂದಿಗೆ ಆ ಸಂಸ್ಥಾನವೇ ಮುಗಿಯಿತು. ಕೋಟೆ ಎಷ್ಟೇ ಗಟ್ಟಿಯಿದ್ದರೂ ಒಳಗಿದ್ದವರಿಗೆ ಹೊರಗಿನಿಂದ ಕೈ ಹಿಡಿಯುವವರು ಬೇಕು. ಗೋಡೆ ನೋಡುತ್ತ ನನಗೆ ಅನಿಸಿದ್ದು ಅದು.

ಮಗಳು ಅನುಭವಿಸಿದ ಕಾಯಿಲೆಗೆ ವೈದ್ಯರು ಋತುಮಾನದ ಖಿನ್ನತೆ ಎನ್ನುತ್ತಾರೆ. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಇದನ್ನು ವಿವರಿಸಿ ಹೆಸರಿಟ್ಟರು. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಹೋಗಿದ್ದ ರೋಸೆಂತಾಲ್ ಅಲ್ಲಿನ ಚಳಿಗಾಲದಲ್ಲಿ ತಾವೇ ಮಂಕಾಗುವುದನ್ನು ಗಮನಿಸಿದ್ದರಂತೆ. ನಮ್ಮ ಮಿದುಳಿನಲ್ಲೊಂದು ಗಡಿಯಾರವಿದೆ. ಅದಕ್ಕೆ ಕೀಲಿ ಕೊಡುವುದು ಕಣ್ಣಿನ ಮೂಲಕ ಒಳಹೋಗುವ ಬೆಳಗಿನ ಬೆಳಕು. ಬೆಳಕು ತಡವಾದರೆ, ಕಡಿಮೆಯಾದರೆ ಗಡಿಯಾರ ಹಿಂದೆ ಬೀಳುತ್ತದೆ. ನಿದ್ದೆ ತರಿಸುವ ಮೆಲಟೋನಿನ್, ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್ ಇವುಗಳ ಲೆಕ್ಕಾಚಾರವೂ ಏರುಪೇರಾಗುತ್ತದೆ ಎನ್ನುತ್ತಾರೆ. ಎಲ್ಲರಿಗೂ ಹೀಗಾಗುವುದಿಲ್ಲ. ಆಗುವವರಿಗೆ ಅದು ಸೋಮಾರಿತನವಲ್ಲ.

ಎರಡನೆಯ ಸುತ್ತು ದಾಟಿ ಕಾಶಿ ವಿಶ್ವನಾಥನ ಗುಡಿಯ ಅಂಗಳದಲ್ಲಿ ಕೂತೆವು. ಬಿಸಿಲು ಅಂಗಳಕ್ಕೆ ಆಗಷ್ಟೇ ಇಳಿದಿತ್ತು. ಮಗಳು ಶಾಲು ತೆಗೆದಿಟ್ಟು ಕಂಬಕ್ಕೆ ಒರಗಿದಳು. ನಾನು ಶಿಕ್ಷಕನಾಗಿದ್ದವನು, ಲೆಕ್ಕ ಹೇಳುವ ಚಟ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡದು ಹೆಚ್ಚೂಕಡಿಮೆ 13 ಗಂಟೆ. ಅವಳಿರುವ ಊರಿನಲ್ಲಿ ಡಿಸೆಂಬರಿನ ಹಗಲು ಬರೀ 7 ಗಂಟೆ. ಅದೂ ಮೋಡದಡಿ. ಈ ಲೆಕ್ಕವನ್ನು ನವೆಂಬರಿನಲ್ಲೇ ಮಾಡಿದ್ದರೆ ನಾನು ಫೋನಿನಲ್ಲಿ ನಗುತ್ತಿರಲಿಲ್ಲ.

"ಆದರೆ ಅಪ್ಪಾ, ನಮ್ಮೂರಿನ ಮಳೆಗಾಲವೂ ಕತ್ತಲೆಯೇ ಅಲ್ಲವೇ? ನನಗೆ ಆಗ ಏಕೆ ಏನೂ ಆಗುತ್ತಿರಲಿಲ್ಲ?" ಎಂದು ಅವಳೇ ಕೇಳಿದಳು.

ಒಳ್ಳೆಯ ಪ್ರಶ್ನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಸೀಮೆಯಲ್ಲಿ ಹಗಲು ಉದ್ದವಿದ್ದರೂ ಸೂರ್ಯನ ಮುಖ ಕಾಣುವುದು ಅಪರೂಪ. ನಮ್ಮ ಮನಸ್ಸಿನ ಚಳಿಗಾಲ ಎಂದರೆ ಆಷಾಢ, ಶ್ರಾವಣ. ಆದರೂ ಎರಡಕ್ಕೂ ವ್ಯತ್ಯಾಸವಿದೆ. ಮೋಡ ಮುಸುಕಿದ ದಿನವೂ ಅಂಗಳದ ಬೆಳಕು ಸಾವಿರ ಲಕ್ಸ್ ದಾಟುತ್ತದೆ. ಕೋಣೆಯೊಳಗಿನ ದೀಪದ್ದು ನೂರರಿಂದ ಐನೂರು. ಮಲೆನಾಡಿನ ಮನುಷ್ಯ ಮಳೆಯಲ್ಲೂ ಮನೆಯೊಳಗೆ ಕೂರುವವನಲ್ಲ. ಕಂಬಳಿಕೊಪ್ಪೆ, ಗೊರಬು ಹಾಕಿಕೊಂಡು ನಾಟಿಗೆ ಹೋಗುತ್ತಿದ್ದ. ಸಂಜೆ ಬಚ್ಚಲೊಲೆಯ ಮುಂದೆ ಮನೆಮಂದಿಯೆಲ್ಲ ಸೇರುತ್ತಿದ್ದರು. ಹಲಸಿನ ಹಪ್ಪಳ ಸುಡುತ್ತಿದ್ದರು. ಯಾರದೋ ಜಗಲಿಯಲ್ಲಿ ತಾಳಮದ್ದಲೆ ನಡೆಯುತ್ತಿತ್ತು. ಮಳೆ ಕಳೆದು ದೀಪಾವಳಿ ಬಂತೆಂದರೆ ಅಂಟಿಗೆ ಪಂಟಿಗೆ. ಹಚ್ಚಿದ ದೀಪ ನಂದದಂತೆ ಕಾಪಾಡುತ್ತ, ಹಾಡುತ್ತ ರಾತ್ರಿಯೆಲ್ಲ ಮನೆಯಿಂದ ಮನೆಗೆ ಹೋಗುವುದು, ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆಯುವುದು. ಹಿರಿಯರು ಖಿನ್ನತೆಗೆ ಮದ್ದೆಂದು ಇದನ್ನು ಮಾಡಿದರೆಂದು ಹೇಳಲಾರೆ. ಆದರೆ ಕತ್ತಲೆಯ ತಿಂಗಳುಗಳಲ್ಲಿ ಯಾರೂ ಒಂಟಿಯಾಗಿ ಉಳಿಯುತ್ತಿರಲಿಲ್ಲ ಎಂಬುದು ನಿಜ.

ಪರದೇಶದಲ್ಲಿ ಅವಳಿಗೆ ಇದ್ದದ್ದು ಹತ್ತಡಿಯ ಕೋಣೆ, ಒಂದು ಲ್ಯಾಪ್‌ಟಾಪು, ಅಪ್ಪನ ಬುದ್ಧಿವಾದ.

ಅರಮನೆಯ ಜಾಗದಲ್ಲಿ ಈಗ ಉಳಿದಿರುವುದು ತಳಪಾಯ, ಕಂಬಗಳ ಬುಡ, ಕಲ್ಲಿನ ಒಲೆ, ನೀರಿನ ಕೊಳ. ಒಲೆಯ ಮುಂದೆ ಅವಳು ಬಹಳ ಹೊತ್ತು ನಿಂತಳು. "ಇಲ್ಲೂ ಯಾರೋ ಮಳೆಗಾಲ ಕಳೆದಿದ್ದಾರೆ" ಎಂದಳು. ಆಮೇಲೆ, ಮುಖ ತಿರುಗಿಸಿಯೇ, "ನೀವು ಸೋಮಾರಿ ಅಂದಿರಲ್ಲ, ಅದು ನನಗೂ ನಿಜ ಅನಿಸಿತ್ತು. ಅದಕ್ಕೇ ಫೋನು ಮಾಡಲಿಲ್ಲ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ತಪ್ಪಾಯಿತು ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ಮಗಳ ಮುಂದೆ ಆ ಮಾತು ಹೇಳಿದ್ದು ಅದೇ ಮೊದಲು.

ತುತ್ತತುದಿಯಲ್ಲಿ ಬಂಡೆಯ ಮೇಲೆ ಪುಟ್ಟ ಶಿವಾಲಯ. ಅಲ್ಲಿಂದ ಸುತ್ತಲೂ ಕಾಡು, ಅಲೆಅಲೆಯಾಗಿ ಗುಡ್ಡಗಳ ಸಾಲು, ದೂರದಲ್ಲಿ ವಾರಾಹಿಯ ಹಿನ್ನೀರು. ಕಣಿವೆಯಲ್ಲಿ ಮಂಜು ಇನ್ನೂ ಮಲಗಿತ್ತು. ನಾವು ಕೂತ ಬಂಡೆ ಬೆಚ್ಚಗಿತ್ತು. ಬುತ್ತಿ ಬಿಚ್ಚಿದೆವು. ಅವಳು ಎರಡು ಕಡುಬು ತಿಂದು ಮೂರನೆಯದಕ್ಕೆ ಕೈ ಹಾಕಿದಳು. ತಾಯಿ ನನ್ನತ್ತ ನೋಡಿದಳು.

ಒಂದು ದಿನದ ಬಿಸಿಲಿನಿಂದ ಕಾಯಿಲೆ ವಾಸಿಯಾಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಶಿವಮೊಗ್ಗದ ಮನೋವೈದ್ಯರ ಸಲಹೆ, ಕೆಲವು ತಿಂಗಳ ಮಾತ್ರೆ, ದಿನಾ ಬೆಳಿಗ್ಗೆ ಒಂದು ಗಂಟೆಯ ನಡಿಗೆ ಎಲ್ಲವೂ ಸೇರಿ ಕೆಲಸ ಮಾಡಿದವು. ಜನವರಿ ಕೊನೆಯಲ್ಲಿ ವಾಪಸು ಹೋದಳು. ವೈದ್ಯರು ಹೇಳಿದಂತೆ 10 ಸಾವಿರ ಲಕ್ಸ್ ಬೆಳಕಿನ ಒಂದು ಪೆಟ್ಟಿಗೆ ಕೊಂಡು, ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂರುತ್ತಿದ್ದಳು. ಇದನ್ನು ಮಾತ್ರ ಯಾರೂ ಸ್ವಂತ ಬುದ್ಧಿಯಿಂದ ಮಾಡಬಾರದು. ಕಣ್ಣಿನ ತೊಂದರೆ ಇರುವವರಿಗೆ, ಮನಸ್ಸು ಒಮ್ಮೆ ಅತಿ ಉಬ್ಬಿ ಒಮ್ಮೆ ಅತಿ ಕುಗ್ಗುವ ಕಾಯಿಲೆಯವರಿಗೆ ಅಪಾಯವಾಗಬಹುದು. ಒಂದು ವಿಷಯದ ಪರೀಕ್ಷೆ ಹಿಂದುಳಿಯಿತು. ಅದನ್ನು ಆಮೇಲೆ ಬರೆದು ಪಾಸಾದಳು. ಈ ವರ್ಷ ಅಲ್ಲೇ ಕೆಲಸದಲ್ಲಿದ್ದಾಳೆ. ನವೆಂಬರಿನಲ್ಲಿ ಮಂಕು ಮತ್ತೆ ಬಂತು. ಈ ಸಲ ಅವಳು ಮೊದಲ ವಾರವೇ ಫೋನು ಮಾಡಿದಳು, ನಾನು ನಗಲಿಲ್ಲ.

ತಂದೆತಾಯಿಗಳಿಗೆ ಒಂದು ಮಾತು. ಮಗು ಎರಡು ವಾರಕ್ಕೂ ಹೆಚ್ಚು ಕಾಲ ಮಂಕಾಗಿದ್ದರೆ, ಇಷ್ಟದ ಆಟ, ಗೆಳೆಯರು ಯಾವುದೂ ಬೇಡವೆಂದರೆ, ನಿದ್ದೆ ಊಟ ತಲೆಕೆಳಗಾದರೆ, ಬದುಕಿನ ಬಗ್ಗೆಯೇ ಬೇಸರದ ಮಾತಾಡಿದರೆ ಬುದ್ಧಿ ಹೇಳುವ ಮೊದಲು ಕೇಳಿಸಿಕೊಳ್ಳಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಇದು ಯಾವ ಋತುವಿಗೂ ಅನ್ವಯಿಸುವ ಮಾತು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ವಿದ್ಯಾರ್ಥಿಗಳೇ, ನಿಮ್ಮ ಪಕ್ಕದ ಕೋಣೆಯ ಬಾಗಿಲು ಎರಡು ದಿನದಿಂದ ತೆರೆದಿಲ್ಲವೆಂದರೆ ಒಮ್ಮೆ ತಟ್ಟಿ. ನನ್ನ ಮಗಳ ಬಾಗಿಲನ್ನು ಒಬ್ಬ ಹುಡುಗಿ ಹಾಗೆ ತಟ್ಟಿದ್ದಳು.

ಕವಲೇದುರ್ಗಕ್ಕೆ ಹೋಗುವುದಾದರೆ ಡಿಸೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಹಾಸುಗಲ್ಲು ಪಾಚಿಗಟ್ಟಿ ಜಾರುತ್ತದೆ, ಉಂಬಳಗಳ ಕಾಟ ಬೇರೆ. ರೈಲಿನಲ್ಲಿ ಬರುವವರು ಶಿವಮೊಗ್ಗದಲ್ಲಿ ಇಳಿದು ತೀರ್ಥಹಳ್ಳಿಗೆ ಬಸ್ಸು ಹಿಡಿಯಬಹುದು. ಅಲ್ಲಿಂದ ಮುಂದೆ ಸ್ವಂತ ವಾಹನವೋ ಆಟೊವೋ ಅನುಕೂಲ. ನೀರು, ಬುತ್ತಿ ಜೊತೆಗಿರಲಿ. ಪ್ಲಾಸ್ಟಿಕ್ ಅಲ್ಲಿ ಬಿಡಬೇಡಿ. ಬೆಳಿಗ್ಗೆ ಬೇಗ ಹೊರಡಿ. ಮನೆಯಲ್ಲಿ ಮಂಕಾಗಿ ಕೂತವರು ಯಾರಾದರೂ ಇದ್ದರೆ ಅವರನ್ನೂ ಎಬ್ಬಿಸಿಕೊಂಡು ಹೋಗಿ. ಹತ್ತುವಾಗ ಅವರು ನಿಂತಲ್ಲೆಲ್ಲ ನೀವೂ ನಿಲ್ಲಿ.