ಲಾಡ್ಜಿನ ಬಾಡಿಗೆ ಮತ್ತು ಮೇಷ್ಟ್ರ ಮರ್ಯಾದೆ

ಕಳೆದ ತಿಂಗಳು ನನ್ನ ತಮ್ಮನ ಮಗಳು ದೂರವಾಣಿ ಮಾಡಿದ್ದಳು. ಚಿಂತಾಮಣಿಯಲ್ಲಿ ಅವಳ ನಾದಿನಿಯ ಮದುವೆ. ಬೆಂಗಳೂರಿನಿಂದ ಬರುವ ನೆಂಟರಿಗೆ ಆರು ಕೊಠಡಿಗಳು ಬೇಕು. “ದೊಡ್ಡಪ್ಪಾ, ಲಾಡ್ಜಿನವರ ಹತ್ತಿರ ನೀವೇ ಮಾತಾಡಿ. ನಿಮ್ಮ ಶಿಷ್ಯರು ಯಾರಾದರೂ ಅಲ್ಲಿ ಇದ್ದೇ ಇರ್ತಾರೆ, ಕಡಿಮೆ ಮಾಡಿಕೊಡ್ತಾರೆ” ಎಂದಳು. ಮಾತಾಡುತ್ತೇನೆ, ಆದರೆ ಮೇಷ್ಟ್ರೆಂದು ಹೇಳಿಕೊಳ್ಳುವುದಿಲ್ಲ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅಂದು ಅವಳಿಗೆ ವಿವರಿಸದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚೌಕಾಸಿ ನಮ್ಮ ಸೀಮೆಗೆ ಹೊಸದಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಾದರೆ ಹರಾಜು. ಅಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ಒಲ್ಲೆ ಎನ್ನಬಹುದು. ಜಾತ್ರೆಯಲ್ಲಿಯೂ ಕೈ ಹಿಂದಕ್ಕೆ ಎಳೆದುಕೊಂಡರೆ ಮುಗಿಯಿತು, ಯಾರಿಗೂ ಅವಮಾನವಿಲ್ಲ. ಲಾಡ್ಜಿನಲ್ಲಿ ಬಾಡಿಗೆ ಇಳಿಸಿ ಎಂದು ಕೇಳುವುದೂ ಇದೇ ಜಾತಿಯದು. (ನಮ್ಮ ಕಡೆ ಹೋಟೆಲೆಂದರೆ ದೋಸೆ ತಿನ್ನುವ ಸ್ಥಳ, ಮಲಗುವ ಸ್ಥಳಕ್ಕೆ ಲಾಡ್ಜೆಂದೇ ಹೆಸರು.) ಇಂದು ರಾತ್ರಿ ಖಾಲಿ ಉಳಿದ ಕೊಠಡಿಯನ್ನು ನಾಳೆ ಮಾರಲಾಗದು. ಆದ್ದರಿಂದ ಮಂಗಳವಾರ ಬುಧವಾರಗಳಲ್ಲಿ ಕೇಳಿದರೆ ಮಾಲೀಕನಿಗೂ ಲಾಭವೇ. ಶನಿವಾರ ಸಂಜೆ, ನಂದಿಬೆಟ್ಟದ ಸೂರ್ಯೋದಯಕ್ಕೆಂದು ಅರ್ಧ ಬೆಂಗಳೂರೇ ಚಿಕ್ಕಬಳ್ಳಾಪುರದ ದಾರಿ ಹಿಡಿದಿರುವಾಗ ಕೇಳುವುದು ಮಾತ್ರ ವ್ಯರ್ಥ ಕಾಲಹರಣ.

“ಬಿಲ್ ಬೇಡ, ತೆರಿಗೆ ಬಿಟ್ಟು ಹೇಳಿ” ಎನ್ನುವವರೂ ಇದ್ದಾರೆ. ದಿನಕ್ಕೆ ಸಾವಿರ ರೂಪಾಯಿವರೆಗಿನ ಕೊಠಡಿಗೆ 2022ರ ಜುಲೈ 18ರಂದು ಶೇ. 12 ಜಿಎಸ್‌ಟಿ ಬಂದಿತು. 2025ರ ಸೆಪ್ಟೆಂಬರ್ 22ರಿಂದ 7500 ರೂಪಾಯಿವರೆಗಿನ ಕೊಠಡಿಗಳಿಗೆ ಅದು ಶೇ. 5ಕ್ಕೆ ಇಳಿದಿದೆ. ಅದು ಮಾಲೀಕನ ಹಣವಲ್ಲ. ಬಿಡು ಎಂದು ಅವನನ್ನು ಕೇಳುವುದು ಚೌಕಾಸಿಯೂ ಅಲ್ಲ.

ಇನ್ನು ನನ್ನ ಕಥೆ. 1994ರಲ್ಲಿ ಗೌರಿಬಿದನೂರಿನಲ್ಲಿ ನಮ್ಮ ಬಂಧುಗಳ ಮದುವೆ. ಹತ್ತು ಜನ ಹೋಗಿದ್ದೆವು. ಬಸ್ ನಿಲ್ದಾಣಕ್ಕೆ ಸಮೀಪದ ಲಾಡ್ಜೊಂದರ ಮೇಜಿನ ಹಿಂದೆ ಕುಳಿತಿದ್ದ ಹುಡುಗ ನನ್ನನ್ನು ಕಂಡೊಡನೆ ಎದ್ದು ನಿಂತ. ಶಿಡ್ಲಘಟ್ಟದಲ್ಲಿ ನನ್ನ ಬಳಿ ಎಂಟನೆಯ ತರಗತಿಯಲ್ಲಿ ಓದಿದವನು. ಕೊಠಡಿಗೆ 120 ರೂಪಾಯಿಯೆಂದು ಗೋಡೆಯ ಮೇಲೆ ಬರೆದಿತ್ತು. ನಾಲ್ಕು ಕೊಠಡಿಗಳು ಬೇಕಿದ್ದವು. ನೆಂಟರೆಲ್ಲ ಪಕ್ಕದಲ್ಲಿಯೇ ನಿಂತಿದ್ದರು. ನನಗೂ ಸ್ವಲ್ಪ ಹಮ್ಮು ಬಂದಿತೆಂದು ಕಾಣುತ್ತದೆ. “ಏನಪ್ಪ, ನಿನ್ನ ಮೇಷ್ಟ್ರಿಗೂ ಅದೇ ರೇಟೇ? ತೊಂಬತ್ತು ಮಾಡು” ಎಂದೆ. ಅವನು ಒಂದು ಕ್ಷಣ ಗೋಡೆಯತ್ತ ನೋಡಿ, “ಆಗಲಿ ಸಾರ್” ಎಂದ. ನೆಂಟರ ಮುಂದೆ ನನ್ನ ಎದೆ ಉಬ್ಬಿತು.

ಮರುದಿನ ಹೊರಡುವಾಗ ಅವನು ಮೇಜಿನ ಬಳಿ ಇರಲಿಲ್ಲ. ಮಾಲೀಕರು ಲೆಕ್ಕದ ಪುಸ್ತಕ ತೆರೆದಿಟ್ಟಿದ್ದರು. ನಮ್ಮ ಕೊಠಡಿಗಳ ಎದುರು 480 ಎಂದಿತ್ತು. ಕೆಳಗೆ ಆ ಹುಡುಗನ ಹೆಸರಿನಲ್ಲಿ 120 ರೂಪಾಯಿ, ಸಂಬಳದಲ್ಲಿ ಮುರಿದುಕೊಳ್ಳುವುದು. ತಲೆಕೆಳಗಾಗಿ ಕಾಣುತ್ತಿದ್ದ ಅಂಕಿಗಳನ್ನು ಓದುವುದು ಮೇಷ್ಟ್ರಿಗೆ ಕಷ್ಟವಲ್ಲ. ವರ್ಷಗಟ್ಟಲೆ ಹುಡುಗರ ಲೆಕ್ಕವನ್ನು ಎದುರಿನಿಂದ ನೋಡಿಯೇ ಅಭ್ಯಾಸ. ಆಗಲೇ ಕೊಡಬಹುದಿತ್ತು. ಕೊಡಲಿಲ್ಲ. ನೆಂಟರು ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು, ನಾನು ಕಾಣದವನಂತೆ ಹೊರಬಂದೆ. ಎರಡು ತಿಂಗಳಾದ ಮೇಲೆ 120 ರೂಪಾಯಿಯನ್ನು ಅವನ ಹೆಸರಿಗೆ ಮನಿಯಾರ್ಡರ್ ಮಾಡಿದೆ. ವಿಳಾಸದಾರರು ಊರು ಬಿಟ್ಟಿದ್ದಾರೆಂಬ ಷರಾದೊಂದಿಗೆ ಅದು ಮರಳಿ ಬಂದಿತು.

ನಾನು ಅಂದು ಮಾಡಿದ್ದು ಚೌಕಾಸಿಯಾಗಿರಲಿಲ್ಲ. ಒಲ್ಲೆ ಎನ್ನಲು ಆ ಹುಡುಗನಿಗೆ ನಾನು ದಾರಿಯನ್ನೇ ಬಿಟ್ಟಿರಲಿಲ್ಲ. ಸರಕಾರಿ ಅತಿಥಿಗೃಹಕ್ಕೆ ದೊಡ್ಡವರ ಶಿಫಾರಸು ಪತ್ರ ಹಿಡಿದು ಹೋಗುವವರನ್ನು ತರಗತಿಯಲ್ಲಿ ಎಷ್ಟೋ ಸಲ ಹಂಗಿಸಿದ್ದೇನೆ, ನಿಮಗೆ ನೆನಪಿರಬಹುದು. ನನ್ನ ಜೇಬಿನಲ್ಲಿಯೂ ಅಂಥದೇ ಒಂದು ಪತ್ರವಿತ್ತು, ಅದಕ್ಕೆ ಸಹಿ ಹಾಕಿದವನೂ ನಾನೇ.

ಚಿಂತಾಮಣಿಯ ಲಾಡ್ಜಿಗೆ ಕೊನೆಗೆ ನಾನೇ ದೂರವಾಣಿ ಮಾಡಿದೆ. ಹೆಸರು ಹೇಳಲಿಲ್ಲ. ಆ ಊರಿನ ವ್ಯವಹಾರ ಅರ್ಧ ತೆಲುಗಿನಲ್ಲಿ ನಡೆಯುವುದಾದ್ದರಿಂದ ನಾನೂ ತೆಲುಗಿನಲ್ಲಿಯೇ ಕೇಳಿದೆ: ಆರು ಕೊಠಡಿ, ಬುಧವಾರ, ಏನಾದರೂ ಇಳಿಸಲಾದೀತೆ? ಆಗದಿದ್ದರೆ ಬೇಸರವಿಲ್ಲ. ಆತ ಯಾರನ್ನೋ ವಿಚಾರಿಸಿಕೊಂಡು ಬಂದು, ಕೊಠಡಿಗೆ ನೂರು ರೂಪಾಯಿ ಬಿಡುತ್ತೇವೆ, ಬಿಲ್ಲಿನಲ್ಲಿಯೇ ತೋರಿಸುತ್ತೇವೆ ಎಂದ. ಒಪ್ಪಿಕೊಂಡೆ.

“ನೀವು ಯಾರೂಂತ ಹೇಳಿದ್ದರೆ ಇನ್ನೂರು ಬಿಡುತ್ತಿದ್ದರು ದೊಡ್ಡಪ್ಪಾ” ಎಂದು ಹುಡುಗಿ ಇನ್ನೂ ಮುನಿಸಿಕೊಂಡಿದ್ದಾಳೆ.